ನೆರೆಮನೆಯ ಪತ್ರದಲ್ಲಿ ನಮ್ಮ ಗಾಣ

ಗಾಣಿಗರ ವಂಶ ಹುಡುಕುವವರು ಮೊದಲು ತಮ್ಮ ಅಟ್ಟವನ್ನು ಜಾಲಾಡುತ್ತಾರೆ. ನಾನೂ ಜಾಲಾಡಿದೆ, ಸಿಕ್ಕಿದ್ದು ಕೆಲವು ಕಂದಾಯದ ರಸೀದಿಗಳು, ಇಲಿ ಕಡಿದ ಒಂದು ಪಂಚಾಂಗ. ಹಗಲೆಲ್ಲ ಎತ್ತಿನ ಹಿಂದೆ ಸುತ್ತಿದವರಿಗೆ ತಮ್ಮ ಚರಿತ್ರೆ ಬರೆದಿಡಲು ಪುರುಸೊತ್ತೆಲ್ಲಿತ್ತು? ಅವರನ್ನು ಬರೆದಿಟ್ಟವರು ಬೇರೆಯವರು.

ನಮ್ಮ ಗಾಣ ನನಗೆ ಸಿಕ್ಕಿದ್ದು ಪಕ್ಕದ ಮನೆಯವರ ಕ್ರಯಪತ್ರದ ಚೆಕ್ಕುಬಂದಿಯಲ್ಲಿ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಗಾಣಿಗರ ಹಿತ್ತಲು ಮತ್ತು ಕಲ್ಲುಗಾಣ. ಅದೇ ಮನೆ ಮುಂದಿನ ತಲೆಮಾರಿನಲ್ಲಿ ಮತ್ತೆ ಕೈ ಬದಲಾಯಿಸಿದಾಗ ಪಶ್ಚಿಮಕ್ಕೆ ಬರೀ 'ಖಾಲಿ ನಿವೇಶನ'. ಗಾಣ ಯಾವ ಕಾಲಕ್ಕೆ ನಿಂತಿತೆಂದು ಮನೆಯ ಹಿರಿಯರು ಜಗಳವಾಡುತ್ತಿದ್ದ ಪ್ರಶ್ನೆ ಅಲ್ಲಿಗೆ ಅರ್ಧ ಬಗೆಹರಿಯಿತು.

ಹೆಸರನ್ನು ನೆಚ್ಚಿಕೊಂಡರೆ ಕೆಟ್ಟಿರಿ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಪತ್ರಗಳಲ್ಲಿ 'ಇಂಥವರ ಮಗ' ಎನ್ನಲು ಬರೆಯುವ 'ಬಿನ್' ಎಂಬುದರ ಆಚೀಚೆ ಅವೇ ಎರಡು ಹೆಸರು ತಲೆಮಾರಿಗೊಮ್ಮೆ ಜಾಗ ಬದಲಿಸುತ್ತ ಹೋಗುತ್ತವೆ. ಸರ್ವೆ ನಂಬರು ಹಿಡಿದು ಪಹಣಿ, ಮ್ಯುಟೇಶನ್, ಆಕಾರ್‌ಬಂದ್ ನೋಡುವುದು ಮೇಲು. ಆದರೆ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅದಕ್ಕೂ ಹಿಂದೆ ಹೋಗಬೇಕೆಂದರೆ ಮಗ್ಗ, ಗಾಣ, ಅಂಗಡಿಗಳ ಮೇಲೆ ಹಾಕುತ್ತಿದ್ದ ಮೊಹತರ್ಫಾ ತೆರಿಗೆಯ ಲೆಕ್ಕಗಳನ್ನು ಕೆದಕಬೇಕು. ದೇವರ ನಂದಾದೀವಿಗೆಗೆ ಗಾಣದ ಎಣ್ಣೆ ಬಿಟ್ಟ ಶಾಸನಗಳೂ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ಸಿಗುತ್ತವೆ. ಆ ಎಣ್ಣೆ ಬಿಟ್ಟವರನ್ನು ನಮ್ಮ ಪೂರ್ವಜರೆನ್ನಲು ಆಸೆಯೊಂದು ಬಿಟ್ಟರೆ ಬೇರೆ ಆಧಾರ ನನ್ನಲ್ಲಿಲ್ಲ.

ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರನ್ನು ಮಾತ್ರ ಕಡೆಗಣಿಸಬೇಡಿ. ಸುಗ್ಗಿ ಮುಗಿದ ಮೇಲೆ ಬಂದ ಹೆಳವ ಪುಸ್ತಕ ಬಿಚ್ಚಿ, "ನೀವು ಹೆಗ್ಗಾಣಿಗರು ಕಣಪ್ಪಾ" ಎಂದು ಶುರುಮಾಡಿದ. ಜೋಡೆತ್ತು ಹೂಡಿ ಕಲ್ಲುಗಾಣ ಆಡಿಸುವವರು ಹೆಗ್ಗಾಣಿಗರು, ಮರದ ಗಾಣದವರು ಕಿರುಗಾಣಿಗರು ಎಂದು 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಬರೆದ ಎಡ್ಗರ್ ಥರ್ಸ್ಟನ್ ಕೂಡ ದಾಖಲಿಸಿದ್ದಾನೆ. ಹೆಳವನ ಬಾಯಿಮಾತು, ನೆರೆಯವರ ಚೆಕ್ಕುಬಂದಿಯ ಕಲ್ಲುಗಾಣ ಒಂದಕ್ಕೊಂದು ತಾಳೆಯಾದವು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಬಹುದು.

ಹೆಳವನ ಪಟ್ಟಿಯಲ್ಲಿ ಹೆಣ್ಣುಮಕ್ಕಳಿಲ್ಲ. ಹಾಗಾಗಿ ಹಳೆಯ ಪತ್ರಗಳಲ್ಲಿ 'ಇಂಥವರ ಹೆಂಡತಿ' ಎನ್ನಲು 'ಕೋಂ' ಎಂದಿರುವ ಕಡೆಯೆಲ್ಲ ಬೆರಳಿಟ್ಟು ಹುಡುಕಿದಾಗ ಒಂದು ಅಡಮಾನ ಪತ್ರ ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ಮೈನರ್ ಮಗನ ಪರವಾಗಿ ತಾಯಿ ಹೆಬ್ಬೆಟ್ಟು ಒತ್ತಿದ್ದಾಳೆ. ಹಿತ್ತಲು ಅಡವಿಟ್ಟಿದ್ದಾಳೆ, 'ಗಾಣ ಹೊರತು' ಎಂದು ಸ್ಪಷ್ಟವಾಗಿ ಬರೆಸಿದ್ದಾಳೆ. ವಂಶವೃಕ್ಷದಲ್ಲಿ ಅವಳ ಹೆಸರನ್ನು ಗಂಡನಿಗಿಂತ ಮೇಲೆ ಬರೆದಿದ್ದೇನೆ. ದೊಡ್ಡಪ್ಪ ತಕರಾರು ತೆಗೆದಿದ್ದಾರೆ. ಅಳಿಸುವುದಿಲ್ಲ ಎಂದು ಹೇಳಿದ್ದೇನೆ.