ಹಳೆಯ ಪ್ರಶ್ನಪತ್ರಿಕೆಯನ್ನು ಓದುವ ಬಗೆ

ಪರೀಕ್ಷೆ ಸಮೀಪಿಸಿದೊಡನೆ ಹಿಂದಿನ ಐದಾರು ವರ್ಷಗಳ ಪ್ರಶ್ನಪತ್ರಿಕೆಗಳನ್ನು ಕೂಡಿಹಾಕಿ, ಉತ್ತರಗಳನ್ನು ಬಾಯಿಪಾಠ ಮಾಡುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬಹು ಹಳೆಯದು. ಸಾವಯವ ರಸಾಯನಶಾಸ್ತ್ರದಲ್ಲಿ ಈ ಪದ್ಧತಿ ಕೈಕೊಡುವಷ್ಟು ಬೇಗ ಬೇರೆಲ್ಲಿಯೂ ಕೈಕೊಡದು. ಒಂದು ಉದಾಹರಣೆಯನ್ನು ನೋಡೋಣ.

"ಪ್ರೊಪೀನ್ ಹೈಡ್ರೊಜನ್ ಬ್ರೋಮೈಡಿನೊಡನೆ ವರ್ತಿಸಿದಾಗ ದೊರೆಯುವ ವಸ್ತು ಯಾವುದು?" ಇದು ಪದೇ ಪದೇ ಕಾಣುವ ಪ್ರಶ್ನೆ. ಮಾರ್ಕೊವ್ನಿಕೊವನ ನಿಯಮದಂತೆ ಉತ್ತರ 2-ಬ್ರೋಮೊಪ್ರೊಪೇನ್. ಇನ್ನೊಂದು ವರ್ಷ ಅದೇ ಪ್ರಶ್ನೆಗೆ "ಪೆರಾಕ್ಸೈಡಿನ ಸಮ್ಮುಖದಲ್ಲಿ" ಎಂಬ ಎರಡು ಪದಗಳು ಸೇರುತ್ತವೆ. ಉತ್ತರ 1-ಬ್ರೋಮೊಪ್ರೊಪೇನ್ ಆಗಿಬಿಡುತ್ತದೆ. ಹಳೆಯ ಉತ್ತರವನ್ನು ಉರುಹಾಕಿದವರು ಆ ಎರಡು ಪದಗಳನ್ನು ಕಾಣದೆಯೇ ಮುಂದೆ ಸಾಗುತ್ತಾರೆ. ಅವರನ್ನು ಹಳಿಯುವಂತಿಲ್ಲ; ರಸಾಯನಜ್ಞರೇ ಬಹುಕಾಲ ಇಲ್ಲಿ ಎಡವಿದ್ದರು. ಇಂತಹ ಕ್ರಿಯೆಗಳಲ್ಲಿ ಒಬ್ಬರಿಗೆ ಒಂದು ಫಲ, ಇನ್ನೊಬ್ಬರಿಗೆ ಮತ್ತೊಂದು ಫಲ ದೊರೆಯುತ್ತಿತ್ತು. ಗಾಳಿಯ ಸಂಪರ್ಕದಿಂದ ವಸ್ತುವಿನಲ್ಲಿ ಹುಟ್ಟಿಕೊಂಡ ಅತ್ಯಲ್ಪ ಪೆರಾಕ್ಸೈಡೇ ಇದಕ್ಕೆ ಕಾರಣವೆಂದು, ಆಲೈಲ್ ಬ್ರೋಮೈಡಿನ ಮೇಲೆ ಪ್ರಯೋಗ ನಡೆಸಿದ ಷಿಕಾಗೊ ವಿಶ್ವವಿದ್ಯಾನಿಲಯದ ಖರಾಷ್ ಮತ್ತು ಮೇಯೊ 1933ರಲ್ಲಿ ತೋರಿಸಿಕೊಟ್ಟರು.

ಹಾಗಾದರೆ ಎರಡು ಉತ್ತರಗಳನ್ನೂ ಬಾಯಿಪಾಠ ಮಾಡಿದರೆ ಸಾಲದೆ? ಸಾಲದು. ಮೊದಲನೆಯ ಸಂದರ್ಭದಲ್ಲಿ ದ್ವಿಬಂಧವನ್ನು ಮೊದಲು ಸೇರುವುದು ಹೈಡ್ರೊಜನ್ ಅಯಾನು. ಎರಡನೆಯದರಲ್ಲಿ ಬ್ರೋಮಿನ್ ಪರಮಾಣು. ಮೊದಲು ಬಂದದ್ದು ಎರಡರಲ್ಲಿಯೂ ತುದಿಯ ಕಾರ್ಬನ್ನಿಗೇ ಅಂಟಿಕೊಳ್ಳುತ್ತದೆ. ಏಕೆಂದರೆ ಎಲೆಕ್ಟ್ರಾನಿನ ಕೊರತೆ ನಡುವಿನ ಕಾರ್ಬನ್ನಿನ ಮೇಲೆ ಉಳಿದರೆ ಆ ಮಧ್ಯಂತರ ರೂಪ ಹೆಚ್ಚು ಸ್ಥಿರ. ಉತ್ತರಗಳು ಎರಡು, ಕಾರಣ ಒಂದೇ. ಭೌತಶಾಸ್ತ್ರ ಬೋಧಿಸುವ ನಮಗೆ ಇದು ಬಹಳ ಹಿಡಿಸಿದ ಸಂಗತಿ. ಹೈಡ್ರೊಜನ್ ಕ್ಲೋರೈಡಿನ ವಿಷಯದಲ್ಲಿ ಪೆರಾಕ್ಸೈಡ್ ಇದ್ದರೂ ಉತ್ತರ ಬದಲಾಗದು. ಅದರ ಬಂಧ ಬಲವಾದುದರಿಂದ ಸರಪಣಿ ಕ್ರಿಯೆ ಸಾಗುವುದಿಲ್ಲ. ಇದೂ ಪರೀಕ್ಷಕರಿಗೆ ಪ್ರಿಯವಾದ ಪ್ರಶ್ನೆಯೇ!

ಆದುದರಿಂದ ಹಳೆಯ ಪತ್ರಿಕೆಯನ್ನು ಪುಸ್ತಕ ಮುಚ್ಚಿ, ಗಡಿಯಾರವನ್ನು ಮುಂದಿಟ್ಟುಕೊಂಡು ಬರೆಯಬೇಕು. ಮರುದಿನ ತಿದ್ದುವಾಗ, ಸರಿಯುತ್ತರವನ್ನು ನಕಲು ಮಾಡುವುದಕ್ಕಿಂತ ಪ್ರಶ್ನೆಯ ಯಾವ ಪದವನ್ನು ನೋಡದೆ ಬಿಟ್ಟೆವೆಂದು ಗುರುತಿಸುವುದು ಮೇಲು. ಬಳಿಕ ಒಂದು ಷರತ್ತನ್ನು ನಾವೇ ಬದಲಿಸಿ ಮತ್ತೆ ಕೇಳಿಕೊಳ್ಳಬೇಕು. 2-ಬ್ರೋಮೊಪ್ರೊಪೇನನ್ನು ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನೊಡನೆ ಕಾಯಿಸಿದರೆ ಏನಾದೀತು? ಕ್ಷಾರವು ನೀರಿನಲ್ಲಿ ಕರಗಿದೆಯೋ ಆಲ್ಕೊಹಾಲಿನಲ್ಲಿ ಕರಗಿದೆಯೋ ಎಂಬುದನ್ನು ಮೊದಲು ವಿಚಾರಿಸಬೇಕು. ನೀರಿನ ದ್ರಾವಣವಾದರೆ 2-ಪ್ರೊಪನಾಲ್; ಆಲ್ಕೊಹಾಲಿನದಾದರೆ, ನಾವು ಎಲ್ಲಿಂದ ಹೊರಟೆವೋ ಆ ಪ್ರೊಪೀನೇ ಮುಖ್ಯವಾಗಿ ಮರಳಿ ದೊರೆಯುತ್ತದೆ.