ಪಟ್ಟಿಯಿಂದ ಹೆಸರು ಅಳಿಸುವ ಮುನ್ನ



ನಿಮ್ಮಲ್ಲಿ ಕೆಲವರು ಪ್ರಾಜೆಕ್ಟ್‌ಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಿಮ್ಮ ಮನೆ ಸುತ್ತಲಿನ ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡಿ ತರುತ್ತಿದ್ದೀರಿ. ಸುಬ್‌ಹಿ ನಮಾಝ್ ಮುಗಿದು ಬೆಳಕು ಹರಿಯುವ ಹೊತ್ತು ಇದಕ್ಕೆ ಬಹಳ ಒಳ್ಳೆಯದು. ಆ ಕೂಗುಗಳನ್ನು ಗುರುತಿಸಲು ನಾವು ಬಳಸುತ್ತಿರುವ ತಂತ್ರಾಂಶ ಬರ್ಡ್‌ನೆಟ್. ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಇದನ್ನು ರೂಪಿಸಿವೆ.

ಬರ್ಡ್‌ನೆಟ್ ಧ್ವನಿಯನ್ನು 3 ಸೆಕೆಂಡಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ತನ್ನ ಪಟ್ಟಿಯ ಒಂದೊಂದು ಹೆಸರಿಗೆ 0 ಮತ್ತು 1ರ ನಡುವಿನ ಅಂಕ ಕೊಡುತ್ತದೆ. ಆ ಪಟ್ಟಿಯಲ್ಲಿ ಜಗತ್ತಿನ 6,000ಕ್ಕೂ ಹೆಚ್ಚು ಹೆಸರುಗಳಿವೆ. ಹಾಗಾಗಿ ಬಂಟ್ವಾಳದ ಅಡಿಕೆ ತೋಟದ ಕೂಗಿಗೆ ದಕ್ಷಿಣ ಅಮೆರಿಕದ ಹಕ್ಕಿಯ ಹೆಸರೂ ಬರಬಹುದು. ಪಟ್ಟಿಯನ್ನು ಕಿರಿದುಗೊಳಿಸಲೇಬೇಕು. ಆದರೆ ಹೇಗೆ?

1. ಸ್ಥಳ ಮತ್ತು ವಾರ: ಮೊದಲು ಅಕ್ಷಾಂಶ, ರೇಖಾಂಶ ಮತ್ತು ವಾರವನ್ನು ತುಂಬಿ. ಈಬರ್ಡ್‌ಗೆ ಪಕ್ಷಿವೀಕ್ಷಕರು ಕೊಟ್ಟ ದಾಖಲೆಗಳ ಆಧಾರದಲ್ಲಿ, ಆ ಜಾಗದಲ್ಲಿ ಆ ವಾರ ಇರಬಹುದಾದ ಹಕ್ಕಿಗಳನ್ನು ತಂತ್ರಾಂಶವೇ ಆರಿಸುತ್ತದೆ. ಅದರ ಲೆಕ್ಕದಲ್ಲಿ ತಿಂಗಳಿಗೆ 4ರಂತೆ ವರ್ಷಕ್ಕೆ 48 ವಾರ. ನವರಂಗ ಹಕ್ಕಿ ನಮ್ಮಲ್ಲಿಗೆ ಚಳಿಗಾಲದಲ್ಲಿ ಬರುವ ಅತಿಥಿ. ಡಿಸೆಂಬರ್ ಪಟ್ಟಿಯನ್ನೇ ಜುಲೈಗೂ ಬಳಸಬಾರದು.

2. ಎತ್ತರ: ಇದನ್ನು ತಂತ್ರಾಂಶ ಕೇಳುವುದಿಲ್ಲ. ಬಂಟ್ವಾಳ ನೇತ್ರಾವತಿಯ ದಡದ ತಗ್ಗು ಪ್ರದೇಶ. ಬೆಳ್ತಂಗಡಿಯಿಂದ ತಲೆಯೆತ್ತಿ ನೋಡಿದರೆ 1,800 ಮೀಟರಿಗೂ ಎತ್ತರದ ಕುದುರೆಮುಖ. ಅಲ್ಲಿನ ಶೋಲಾ ಕಾಡಿನ ಹಕ್ಕಿಯ ಹೆಸರು ಪೇಟೆಯ ಪಟ್ಟಿಯಲ್ಲೂ ಉಳಿದಿರಬಹುದು. ಇದನ್ನು ನಾವೇ ನೋಡಬೇಕು.

3. ಹೆಸರು: ನಾವೇ ಪಟ್ಟಿ ಮಾಡುವುದಾದರೆ ಸಾಲಿಗೊಂದು ಹೆಸರು. ಮೊದಲು ವೈಜ್ಞಾನಿಕ ಹೆಸರು, ಅಡಿಗೆರೆ, ನಂತರ ಇಂಗ್ಲಿಷ್ ಹೆಸರು, ತಂತ್ರಾಂಶದಲ್ಲಿರುವಂತೆಯೇ. ನವಿಲಿಗೆ 'ಪ್ಯಾವೊ ಕ್ರಿಸ್ಟೇಟಸ್_ಇಂಡಿಯನ್ ಪೀಫೌಲ್' ಎಂದು, ಆದರೆ ಇಂಗ್ಲಿಷ್ ಲಿಪಿಯಲ್ಲಿ. ಹಳೆಯ ಪುಸ್ತಕದ ಹೆಸರನ್ನು ಹಾಕಿದರೆ ಹೊಂದಾಣಿಕೆಯಾಗದೆ ಆ ಹಕ್ಕಿಯೇ ಬಿಟ್ಟುಹೋಗಬಹುದು.

ಈಗ ಮುಖ್ಯ ವಿಷಯ. ಪಟ್ಟಿ ಕಿರಿದಾದ ಮಾತ್ರಕ್ಕೆ ಯಂತ್ರದ ಕಿವಿ ಚುರುಕಾಗುವುದಿಲ್ಲ. ಅಳಿಸಿದ ಹೆಸರನ್ನು ಅದು ಹೇಳುವುದಿಲ್ಲ, ಅಷ್ಟೇ. ಉಳಿದ ಹೆಸರುಗಳ ಅಂಕ ಇದ್ದಲ್ಲೇ ಇರುತ್ತದೆ. ಆದ್ದರಿಂದ ಉದ್ದ ಪಟ್ಟಿಯಿಂದ ಇಲ್ಲದ ಹಕ್ಕಿ ದಾಖಲೆಗೆ ಸೇರುವಂತೆ, ಅತಿಯಾಗಿ ಕತ್ತರಿಸಿದ ಪಟ್ಟಿಯಿಂದ ಇರುವ ಹಕ್ಕಿ ದಾಖಲೆಯಿಂದ ಕಾಣೆಯಾಗುತ್ತದೆ. ಮೊದಲನೆಯ ತಪ್ಪು ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ.

ಪಶ್ಚಿಮ ಘಟ್ಟದ ಕಾಡಿನ ಕಪ್ಪೆಬಾಯಿ ಹಕ್ಕಿಯನ್ನೇ ನೋಡಿ. ಹಗಲಿಡೀ ಒಣಗಿದ ಎಲೆಯ ಬಣ್ಣದಲ್ಲಿ ಕೊಂಬೆಯ ಮೇಲೆ ಅಲುಗಾಡದೆ ಕೂರುತ್ತದೆ, ಕೂಗುವುದು ಕತ್ತಲಾದ ಮೇಲೆ. "ನಮ್ಮೂರಲ್ಲಿ ಯಾರೂ ನೋಡಿಲ್ಲ" ಎಂದು ಅದರ ಹೆಸರನ್ನು ತೆಗೆದುಬಿಟ್ಟರೆ, ರಾತ್ರಿಯ ರೆಕಾರ್ಡಿಂಗ್‌ನಲ್ಲಿ ಅದು ಎಷ್ಟು ಕೂಗಿದರೂ ಫಲಿತಾಂಶದಲ್ಲಿ ಬರುವುದಿಲ್ಲ. ಕಣ್ಣಿಗೆ ಸಿಗದ ಹಕ್ಕಿಯನ್ನು ಕಿವಿಯಿಂದ ಹುಡುಕಲೆಂದೇ ತಾನೇ ಈ ಕೆಲಸ?

ಆದ್ದರಿಂದ ನಮ್ಮ ತಂಡಕ್ಕೆ ನಾನು ಹೇಳುವುದು ಮೂರು ಮಾತು. ತೆಗೆದ ಪ್ರತಿ ಹೆಸರಿನ ಮುಂದೆ ಕಾರಣ ಬರೆಯಿರಿ; 'ಬೇರೆ ಖಂಡದ್ದು' ಎಂಬುದು ಕಾರಣ, 'ಕಂಡಿಲ್ಲ' ಎಂಬುದು ಕಾರಣವಲ್ಲ. ಮೂಲ ರೆಕಾರ್ಡಿಂಗನ್ನು ಅಳಿಸಬೇಡಿ. ನಾಳೆ ಪಟ್ಟಿ ತಿದ್ದಿದರೆ ಅದನ್ನೇ ಮತ್ತೆ ಪರೀಕ್ಷಿಸಬಹುದು. ಅಪರೂಪದ ಹೆಸರು ಬಂದರೆ ದಾಖಲಿಸುವ ಮುನ್ನ ಆ 3 ಸೆಕೆಂಡುಗಳನ್ನೂ ಅದರ ಹಿಂದುಮುಂದಿನದನ್ನೂ ನೀವೇ ಕೇಳಿ. ನಮ್ಮ ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವುದರಲ್ಲಿ ನಿಪುಣ. ಪಟ್ಟಿ ಎಷ್ಟೇ ಸರಿಯಾಗಿದ್ದರೂ ಅವನ ಆಟವನ್ನು ಹಿಡಿಯಲು ಮನುಷ್ಯರ ಕಿವಿಯೇ ಬೇಕು.