ಮೊದಲು ಸದ್ದು ಕಡಿಮೆ ಮಾಡು, ತಂಗಿ

ತಂಗಿ, ನಿನ್ನ ಮಗನಿಗೆ ಆಟಿಸಂ ಇದೆ ಎಂದು ಡಾಕ್ಟರು ಬರೆದುಕೊಟ್ಟಾಗಿನಿಂದ ಬೀದರಿನ ನೌಬಾದದ ನಿಮ್ಮ ಮನೆಯಲ್ಲಿ ಸಲಹೆಗಳ ಸಂತೆಯೇ ನೆರೆದಿದೆ. ಒಬ್ಬರು ಹಾರ್ಮೋನಿಯಂ ಕೊಡಿಸು ಅಂತಾರೆ, ಇನ್ನೊಬ್ಬರು ಡ್ರಾಯಿಂಗ್ ಕ್ಲಾಸಿಗೆ ಹಚ್ಚು ಅಂತಾರೆ. ಈ ರಾಗ ದಿನಾ ಕೇಳಿಸು, ಮಾತು ಬರ್ತದ ಅಂತ ಮೊಬೈಲಿಗೆ ವಿಡಿಯೊ ಕಳಿಸುವವರು ಬೇರೆ. ಮಕ್ಕಳಿಗೆ ಚಿತ್ರ ಕಲಿಸುತ್ತಲೇ ತಲೆ ಹಣ್ಣಾದವನು ನಾನು. ಹಾಡೂ ಕೊಡು, ಬಣ್ಣವೂ ಕೊಡು ಎಂದು ನಾನೂ ಹೇಳುತ್ತೇನೆ. ಆದರೆ ಮಾತ್ರೆ ಕೊಟ್ಟಂತೆ ಕೊಡಬೇಡ.

ಯಾಕೆ ಅಂದರೆ, ಸಂಗೀತದಿಂದ ಆಟಿಸಂ ಹೋಗುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ದೊಡ್ಡ ಅಧ್ಯಯನವೊಂದು 9 ದೇಶಗಳ 364 ಮಕ್ಕಳನ್ನು ಗಮನಿಸಿತ್ತು. ಐದು ತಿಂಗಳ ನಂತರ ನೋಡಿದರೆ, ಸಂಗೀತ ಚಿಕಿತ್ಸೆ ಪಡೆದ ಮಕ್ಕಳಿಗೂ ಪಡೆಯದವರಿಗೂ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2022ರಲ್ಲಿ ಕಾಕ್ರೇನ್ ಸಂಸ್ಥೆ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮಗುವಿನ ಒಟ್ಟಾರೆ ಸ್ಥಿತಿ, ಬದುಕಿನ ಗುಣಮಟ್ಟ ಒಂದಿಷ್ಟು ಸುಧಾರಿಸಬಹುದು ಎಂದಿತು; ಮಾತು ಹೆಚ್ಚುತ್ತದೆ ಎಂಬುದಕ್ಕೆ ಸ್ಪಷ್ಟ ಪುರಾವೆ ಅಲ್ಲೂ ಸಿಗಲಿಲ್ಲ. ಹಾಗಾಗಿ ಸ್ಪೀಚ್ ಥೆರಪಿ ಬಿಡಿಸಿ ತಬಲಾ ಹಿಡಿಸಬೇಡ. ಕಿವಿ ಪರೀಕ್ಷೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸು. ಹಾಡು ಮಗುವಿನ ಖುಷಿಗೆ, ನೀವಿಬ್ಬರೂ ಒಂದು ಗಳಿಗೆ ಜೊತೆಯಾಗಿ ಕೂಡುವುದಕ್ಕೆ. ಅಷ್ಟೇ ಸಾಕು, ಅದು ಸಣ್ಣದೇನಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ನಿನ್ನ ಮುಂದೆ ಎಷ್ಟು ಮಂದಿ ಎತ್ತಿಲ್ಲ! ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ತಾವೇ ಕಣ್ಣಿಲ್ಲದವರಾಗಿದ್ದು ಸಾವಿರಾರು ಮಕ್ಕಳಿಗೆ ಸಂಗೀತದ ದಾರಿ ತೋರಿಸಿದರು. ದೊಡ್ಡ ಕೆಲಸ, ಕೈ ಮುಗಿಯಬೇಕು. ಆದರೆ ಆ ಮಕ್ಕಳ ಸಂಗತಿ ಬೇರೆ, ನಿನ್ನ ಮಗನದು ಬೇರೆ. ಕಣ್ಣಿಲ್ಲದ ಮಗುವಿಗೆ ಕಿವಿಯೇ ದಾರಿ. ನಿನ್ನ ಮಗನಿಗೆ ಕೆಲವು ಸಲ ಕಿವಿಯೇ ಕಾಟ. ವಾಯುಪಡೆಯ ಹಾಕ್ ವಿಮಾನ ತಲೆಯ ಮೇಲೆ ಹಾರಿದರೆ ಬೀದರಿನವರು ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುತ್ತೇವೆ, ನಮಗೆ ರೂಢಿ. ಅವನು ಕಿವಿ ಮುಚ್ಚಿ ಮೂಲೆ ಸೇರುತ್ತಾನೆ. ಮಿಕ್ಸರ್ ಸದ್ದು, ಕುಕ್ಕರಿನ ಸೀಟಿ, ಗಣಪತಿ ಮೆರವಣಿಗೆಯ ಡಿಜೆ, ಎಲ್ಲಕ್ಕೂ ಹಾಗೇ. ಇವನಿಗೆ ಹಾಡು ಸೇರೋದಿಲ್ಲ ಅಂತ ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಅವನಿಗೆ ಸೇರದಿರುವುದು ಹಾಡಲ್ಲ, ಗದ್ದಲ. ಆದ್ದರಿಂದ ಸಂಗೀತದ ಮೊದಲ ಪಾಠ ನಿನಗೇ: ಟಿವಿ ಆರಿಸು, ಕಿಟಕಿ ಮುಚ್ಚು, ಒಂದೇ ದನಿ ಇರಲಿ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಈ ವರ್ಷವೇ ಕರೆದೊಯ್ಯಬೇಕು ಅಂತ ಅತ್ತೆ ಹಟ ಹಿಡಿದರೆ, ಜನ ಇಲ್ಲದ ದಿನ ದರ್ಶನ ಮಾಡಿಸಿಕೊಂಡು ಬಾ. ದೇವರೇನು ಮುನಿಸಿಕೊಳ್ಳುವುದಿಲ್ಲ.

ದುಡ್ಡು ಖರ್ಚು ಮಾಡುವ ಮೊದಲು ಅಡುಗೆಮನೆಯಲ್ಲಿ ಶುರು ಮಾಡು. ನೀನು ಜೋಳದ ರೊಟ್ಟಿ ಬಡಿಯುವಾಗ ಅವನು ಬಂದು ನಿಲ್ಲುತ್ತಾನೆ ಅಂದೆಯಲ್ಲ? ಆ ಬಡಿತದಲ್ಲಿ ತಾಳ ಇದೆ, ಅದು ದಿನಾ ಒಂದೇ ಹೊತ್ತಿಗೆ ಬರುತ್ತದೆ, ಎಲ್ಲಿ ಶುರು ಎಲ್ಲಿ ಮುಕ್ತಾಯ ಅಂತ ಅವನಿಗೆ ಗೊತ್ತು. ಒಂದು ಹಿಟ್ಟಿನ ಮುದ್ದೆ ಅವನ ಮುಂದೂ ಇಡು. ಅವನು ಎರಡು ಸಲ ತಟ್ಟಿದರೆ ನೀನೂ ಎರಡು ಸಲ ತಟ್ಟು. ನಿಲ್ಲಿಸಿದರೆ ನಿಲ್ಲಿಸು. ಅವನು ನಿನ್ನ ಕಡೆ ನೋಡಿ ಮತ್ತೆ ತಟ್ಟಿದನೋ, ಸಂಭಾಷಣೆ ಶುರುವಾಯಿತು. ಆಮೇಲೆ ತತ್ವಪದ ಹಾಡುವವರ ಹತ್ತಿರ ಇರುವಂಥ ಏಕತಾರಿ ಸಿಕ್ಕರೆ ತಂದುಕೊಡು. ಒಂದೇ ತಂತಿ, ಮೆತ್ತಗಿನ ದನಿ. ತಂತಿಯ ನಡುಕವನ್ನು ಬೆರಳಲ್ಲಿ, ಗಲ್ಲದಲ್ಲಿ ಮುಟ್ಟಿ ನೋಡಲಿ. ಹಾರ್ಮೋನಿಯಂ ತಂದರೆ ಸ್ವರ ಬಿಟ್ಟು ತಿದಿಯನ್ನೇ ಎಳೆಯುತ್ತಾ ಕೂತಾನು. ಕೂಡಲಿ ಬಿಡು, ಅದೂ ವಾದ್ಯದ ಪರಿಚಯವೇ.

ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುತ್ತಾನೆ ಎಂದು ಬೇಸರಪಟ್ಟುಕೊಳ್ಳಬೇಡ. ಆ ಹಾಡೇ ನಿನಗೆ ಸಿಕ್ಕ ಬಾಗಿಲು. ಹಾಡುತ್ತಾ ಹಾಡುತ್ತಾ ಸಾಲಿನ ಕೊನೆಯ ಪದ ಬಿಟ್ಟು ಸುಮ್ಮನಾಗು. ಅವನ ಮುಖ ನೋಡುತ್ತಾ ಕಾಯಿ, ಹೇಳು ಹೇಳು ಅಂತ ಒತ್ತಾಯ ಬೇಡ. ಪದ ಬರಬಹುದು, ಬರೀ ಒಂದು ಗುನುಗು ಬರಬಹುದು, ನಿನ್ನ ಕೈ ಹಿಡಿದು ಎಳೆಯಬಹುದು, ಮೂರೂ ಉತ್ತರಗಳೇ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದಲೇ ಆಟಿಸಂ ಜಗತ್ತಿನ ಗಮನಕ್ಕೆ ಬಂದದ್ದು. ಅದರಲ್ಲಿನ ಮೊದಲ ಹುಡುಗ ಒಂದು ವರ್ಷದವನಿದ್ದಾಗಲೇ ಹಲವು ಹಾಡುಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದನಂತೆ. ಮಾತಿಗಿಂತ ಮೊದಲು ರಾಗ ಕೈಗೆ ಸಿಗುವ ಮಕ್ಕಳು ಇದ್ದಾರೆ.

ಯಾವ ಭಾಷೆಯಲ್ಲಿ ಹಾಡಲಿ ಅಂತ ಕೇಳಿದ್ದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ತವರಿನಲ್ಲಿ ಮರಾಠಿ, ಎದುರು ಮನೆಯಲ್ಲಿ ತೆಲುಗು. ಬೀದರ್ ಅಂದರೆ ಹೀಗೇ. ಭಾಷೆ ಹೆಚ್ಚಾಗಿ ಆಟಿಸಂ ಮಗುವಿನ ಮಾತು ಕೆಡುತ್ತದೆ ಎಂದು ಯಾವ ಅಧ್ಯಯನವೂ ಸಾಬೀತು ಮಾಡಿಲ್ಲ. ನಿನ್ನ ಅವ್ವ ನಿನ್ನನ್ನು ತೂಗಿದ ಜೋಗುಳ ಮರಾಠಿಯದಾದರೆ ಅದನ್ನೇ ಹಾಡು. ನಿನ್ನ ಗಂಟಲಿಗೆ ಸಲೀಸಾದದ್ದೇ ಅವನ ಕಿವಿಗೂ ಹಿತ.

ಇನ್ನು ಬಣ್ಣ. ಹಸಿ ಬಣ್ಣ ಕೈಗೆ ಅಂಟಿದರೆ ಕಿರುಚುವ ಮಕ್ಕಳಿದ್ದಾರೆ, ಕೈಹಿಡಿದು ಅದ್ದಿಸಬೇಡ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಬಣ್ಣ ಹಾಕಿ ಬಾಯಿ ಬಿಗಿದು ಕೊಡು, ಮೇಲಿಂದ ಒತ್ತಿ ಬೆರೆಸಲಿ. ಎಲ್ಲವನ್ನೂ ಬಾಯಿಗಿಡುವವನಾದರೆ ಜೋಳದ ಹಿಟ್ಟಿಗೆ ಅರಿಶಿನ, ಬೀಟ್‌ರೂಟ್ ರಸ ಕಲಸಿದರೆ ಆಯಿತು. ಡಬ್ಬಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಾನಲ್ಲ, ಆ ಸಾಲು ಕೆಡಿಸಬೇಡ. ಕೆಳಗೆ ಹಾಳೆ ಹಾಸಿ ಮುಚ್ಚಳದ ಸುತ್ತ ಗೆರೆ ಎಳೆದು ತೋರಿಸು. ಆಕಾಶ ಕೆಂಪಾಗಿ ಬಳಿದರೆ ತಿದ್ದಲು ಹೋಗಬೇಡ. ಚಿತ್ರದ ಮಾಸ್ತರರಿಗೆ ಇದು ಬಹಳ ಕಷ್ಟ, ನನಗೆ ಗೊತ್ತು.

ಸಾಲು, ಮರುಕಳಿಸುವ ವಿನ್ಯಾಸ ಇಷ್ಟಪಡುವ ಮಗುವಿಗೆ ನಮ್ಮ ಊರಿಗಿಂತ ಒಳ್ಳೆಯ ಪುಸ್ತಕ ಯಾವುದು? 1472ರ ಮಹಮೂದ್ ಗವಾನ್ ಮದರಸಾದ ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಅಂಕುಡೊಂಕಾಗಿ ಏರುತ್ತವೆ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋದರೆ ಜನ ಇರುವುದಿಲ್ಲ. ಹಿಂದಿನ ದಿನವೇ ಅದರ ಫೋಟೊ ತೋರಿಸಿ, ನಾಳೆ ಇಲ್ಲಿಗೆ ಹೋಗೋಣ ಅನ್ನು. ಗೊತ್ತಿರುವ ಜಾಗ ಅವನಿಗೆ ಹೆದರಿಕೆಯಲ್ಲ. ಬಿದ್ರಿಯ ಕಾರ್ಖಾನೆಗೆ ಮಾತ್ರ ಈಗಲೇ ಬೇಡ: ಸುತ್ತಿಗೆ, ಅರ, ಮೈಲುತುತ್ತ. ತಯಾರಾದ ಒಂದು ಬಿದ್ರಿ ಡಬ್ಬಿ ಕೈಗೆ ಕೊಡು. ಕಪ್ಪು ಲೋಹದ ತಂಪು, ಬೆಳ್ಳಿ ಎಳೆಯ ಹೂಬಳ್ಳಿ, ಎರಡನ್ನೂ ಬೆರಳಿನಿಂದ ಓದಲಿ.

ಒಂದು ಆಸೆಯನ್ನು ಬಿಡಬೇಕಾದೀತು. ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ ಒಮ್ಮೆ ನೋಡಿದ ನಗರವನ್ನು ನೆನಪಿನಿಂದಲೇ ಬಿಡಿಸುತ್ತಾರೆ, ನಿಜ. ಅಂಥವರು ಅಪರೂಪ. ನಿನ್ನ ಮಗ ಹಾಗಾಗಬೇಕಿಲ್ಲ. ಗೆರೆ ಎಳೆದು ಖುಷಿಪಡುವ ಹಕ್ಕಿಗೆ ಪ್ರತಿಭೆಯ ಸರ್ಟಿಫಿಕೇಟ್ ಬೇಡ. ಗ್ಯಾದರಿಂಗಿನ ವೇದಿಕೆಗೆ ಎಳೆದು ನಿಲ್ಲಿಸಬೇಡಿ, ರೀಲ್ಸ್ ಮಾಡಿ ಹಾಕಬೇಡಿ.

ತಜ್ಞರನ್ನು ಕಾಣಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮಗೆ ನಾಡಿನ ಆ ತುದಿ. ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆ 1984ರಿಂದ ಸಿಕಂದರಾಬಾದಿನಲ್ಲಿದೆ, ನಮಗೆ ಅದೇ ಹತ್ತಿರ.

ಕೊನೆಗೆ ನಮ್ಮೂರ ಸಂಗೀತ, ಚಿತ್ರಕಲೆಯ ಮಾಸ್ತರರಿಗೂ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಕಲೆ, ಸಂಸ್ಕೃತಿಯಲ್ಲಿ ಅಂಥವರಿಗೂ ಪಾಲಿದೆ ಎಂದು ಅದೇ ಕಾಯ್ದೆ ಹೇಳುತ್ತದೆ. ಈ ತಂಗಿ ಮಗನ ಕೈ ಹಿಡಿದು ನಿಮ್ಮ ಕ್ಲಾಸಿಗೆ ಬಂದರೆ ನಾಳೆ ಬನ್ನಿ ಅನ್ನಬೇಡಿ. ಹದಿನೈದು ನಿಮಿಷ ಬಾಗಿಲ ಹತ್ತಿರ ಕೂತು ಕೇಳಲಿ, ಸಾಕಾದಾಗ ಎದ್ದು ಹೋಗಲಿ. ಪರೀಕ್ಷೆಗೆ ಹೆಸರು ಬರೆಸುವ ಮಾತು ಎತ್ತಬೇಡಿ.